ಮಗಳು ‘ಸಾಕು’ ಅಂದರೆ ನಾನು ಯಾಕೆ ಒತ್ತಾಯ ಮಾಡುವುದಿಲ್ಲ

ಮನೆಗೆ ಯಾರೇ ಬಂದರೂ ಊಟದ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ‘ಅವಳು ಸಾಕು ಅಂದ ತಕ್ಷಣ ತಟ್ಟೆ ಎತ್ತಿಬಿಡ್ತೀಯಲ್ಲ, ಹೊಟ್ಟೆ ತುಂಬಿದೆ ಅಂತ ನಿನಗೆ ಹೇಗೆ ಗೊತ್ತು?’

ನನಗೆ ಗೊತ್ತಾಗುವುದಿಲ್ಲ. ಅವಳಿಗೆ ಗೊತ್ತಾಗುತ್ತದೆ. ಅವಳಿಗೀಗ ಮೂರು ವರ್ಷ.

ಚಿಕ್ಕಂದಿನಲ್ಲಿ ನನಗೆ ಒಂದೊಂದು ತುತ್ತಿಗೂ ಹೆಸರಿಟ್ಟು ತಿನ್ನಿಸುತ್ತಿದ್ದರು. ಇದು ಅಜ್ಜನ ತುತ್ತು, ಇದು ಮಾವನ ತುತ್ತು, ಇದು ಕಾಗೆ ತುತ್ತು. ಪ್ರೀತಿಯಿಂದಲೇ ಮಾಡಿದ್ದು, ಎರಡು ಮಾತಿಲ್ಲ. ಆದರೆ ಹಾಸ್ಟೆಲ್‌ಗೆ ಹೋದಾಗ ನೋಡಿದರೆ, ಹೊಟ್ಟೆ ತುಂಬಿದ್ದು ನನಗೆ ತಿಳಿಯುತ್ತಲೇ ಇರಲಿಲ್ಲ. ತಟ್ಟೆ ಖಾಲಿಯಾದರೆ ಊಟ ಮುಗಿಯಿತು, ಅಷ್ಟೇ. ಅದನ್ನು ಮತ್ತೆ ಕಲಿಯಲು ವರ್ಷಗಳೇ ಹಿಡಿದವು. ಮಗಳಿಗೆ ಹುಟ್ಟುತ್ತಲೇ ಬಂದದ್ದನ್ನು ನಾನೇ ಯಾಕೆ ಮರೆಸಲಿ?

ಅಮೆರಿಕದಲ್ಲಿ ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆ ಇದ್ದರು. 1926ರಲ್ಲಿ ಅವರೊಂದು ಪ್ರಯೋಗ ಶುರುಮಾಡಿದರು. ಆಗಷ್ಟೇ ಎದೆಹಾಲು ಬಿಡುತ್ತಿದ್ದ ಕೂಸುಗಳು, ಒಟ್ಟು 15. ಹಾಲು, ಮೊಟ್ಟೆ, ಧಾನ್ಯ, ಮಾಂಸ, ಹಣ್ಣು, ತರಕಾರಿ ಹೀಗೆ 34 ಬಗೆಯ ಪಟ್ಟಿಯಿಂದ ಆರಿಸಿ ಮುಂದಿಡುತ್ತಿದ್ದರು. ನರ್ಸ್ ಚಮಚ ಹಿಡಿದು ಸುಮ್ನೆ ಕೂರಬೇಕು. ಮಗು ಕೈ ಚಾಚಿದರೆ ಮಾತ್ರ ಕೊಡಬೇಕು. ಒಂದು ಹೊತ್ತು ಬರೀ ಮೊಟ್ಟೆ, ಬಾಳೆಹಣ್ಣು, ಹಾಲು, ಇಂಥ ವಿಚಿತ್ರ ಊಟಗಳೂ ನಡೆದವು. ಆದರೂ ಮಕ್ಕಳು ಚೆನ್ನಾಗಿ ಬೆಳೆದರು. ಒಂದು ಮಗುವಿಗೆ ಮೂಳೆ ಮೆತ್ತಗಾಗುವ ರಿಕೆಟ್ಸ್ ಇತ್ತು. ಅದರ ಮುಂದೆ ಮೀನೆಣ್ಣೆಯ ಲೋಟವನ್ನೂ ಇಡುತ್ತಿದ್ದರು. ಮೂಳೆ ಗಟ್ಟಿಯಾಗುವವರೆಗೂ ಅದು ತಾನಾಗಿಯೇ ಆಗಾಗ ಕುಡಿಯಿತು. ಆಮೇಲೆ ಬಿಟ್ಟಿತು. ಇದನ್ನು ಓದಿದ ದಿನ ನನಗೆ ಕಣ್ಣು ತುಂಬಿತ್ತು.

ಆ ಪಟ್ಟಿಯಲ್ಲಿ ಸಕ್ಕರೆ ಇರಲಿಲ್ಲ. ಪಟ್ಟಿ ಮಾಡಿದ್ದು ದೊಡ್ಡವರು. ನಮ್ಮ ಮನೆಯಲ್ಲೂ ಹಾಗೆಯೇ. ಏನು ಅಡುಗೆ, ಎಷ್ಟು ಹೊತ್ತಿಗೆ ಊಟ, ಅದು ನನ್ನದು. ತಿನ್ನಬೇಕಾ, ಎಷ್ಟು ತಿನ್ನಬೇಕು, ಅದು ಅವಳದು. ಮಧ್ಯೆ ಬಿಸ್ಕತ್ತಿನ ಡಬ್ಬಿ ತೆರೆಯುವುದಿಲ್ಲ. ಮುದ್ದೆ ಬೇಡ ಅಂದರೆ ಅದೇ ಊಟದಲ್ಲಿ ಅನ್ನ, ಮೊಸರು ಇದ್ದೇ ಇರುತ್ತದೆ.

ಅತ್ತೆಗೆ ಒಂದು ಚಿಂತೆ ಇತ್ತು, ‘ಮೊದಲು ಎಷ್ಟು ಚೆನ್ನಾಗಿ ತಿಂತಿದ್ದಳು’ ಅಂತ. ನಿಜ. ಮೊದಲ ವರ್ಷದಲ್ಲಿ ಮಗುವಿನ ತೂಕ ಮೂರು ಪಟ್ಟು ಆಗುತ್ತದೆ. ಆಮೇಲೆ ವರ್ಷಕ್ಕೆ ಹೆಚ್ಚುಕಡಿಮೆ 2 ಕಿಲೋ ಅಷ್ಟೇ. ಹಸಿವೂ ಕಡಿಮೆ ಆಗಲೇಬೇಕು, ಅಲ್ವಾ? ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ನೋಡಿಸುತ್ತೇವೆ. ತೂಕ ಇಳಿದರೆ, ಮಗು ಸಪ್ಪಗಾದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಆಗ ನಂಬಿಕೆ ಅಂತ ಕೂರಬಾರದು.

ಇನ್ನು ಸಿಹಿ. ‘ಪಲ್ಯ ತಿಂದರೆ ಜಾಮೂನು’ ಅಂದ ಕ್ಷಣ ಪಲ್ಯ ಶಿಕ್ಷೆ ಆಗುತ್ತದೆ, ಜಾಮೂನು ಬಹುಮಾನ ಆಗುತ್ತದೆ. ನಮ್ಮ ಹಬ್ಬದೂಟದಲ್ಲಿ ಎಲೆ ಹಾಕಿದ ಕೂಡಲೇ ಒಂದು ಚಮಚ ಪಾಯಸ ಬೀಳುತ್ತದೆ. ಕೋಸಂಬರಿ, ಪಲ್ಯ ಎಲ್ಲ ಅದರ ಪಕ್ಕದಲ್ಲೇ. ನನಗೆ ಆ ಕ್ರಮ ತುಂಬಾ ಇಷ್ಟ. ಈ ಯುಗಾದಿಗೆ ಮಗಳ ಎಲೆಗೂ ಎಲ್ಲದರ ಜೊತೆಗೇ ಒಬ್ಬಟ್ಟು ಬಡಿಸಿದೆ. ಅರ್ಧ ತಿಂದಳು. ಹುಳಿಹುಳಿ ಮಾವಿನಕಾಯಿ ಚಿತ್ರಾನ್ನ ಇನ್ನಷ್ಟು ಹಾಕಿಸಿಕೊಂಡಳು. ಉಳಿದ ಒಬ್ಬಟ್ಟು ಎಲೆಯಲ್ಲೇ ಬಿಟ್ಟು ಆಡಲು ಓಡಿದಳು.