ಗುಡ್ಡದ ದಾರಿ, ಸೈಕಲ್ ಮಕ್ಕಳು

ತೀರ್ಥಹಳ್ಳಿ ಕಡೆ ನಮ್ಮೂರ ಗುಡ್ಡದಲ್ಲಿ ಇವತ್ತು ಮಕ್ಕಳು ಗೇರ್ ಸೈಕಲ್ ಇಳಿಸುವುದನ್ನು ನೋಡುತ್ತಾ ನಿಂತೆ. ಜಂಬಿಟ್ಟಿಗೆ ಮಣ್ಣು, ಅಡ್ಡಡ್ಡ ಬೇರು. ಒಬ್ಬಳು ಹುಡುಗಿ ಸೀಟಿನಿಂದ ಎದ್ದು, ಮೈಯನ್ನು ಹಿಂದಕ್ಕೆ ತಂದು, ಎರಡೂ ಬ್ರೇಕು ಮೆಲ್ಲಗೆ ಒತ್ತುತ್ತಾ ಇಳಿದಳು. ಎಷ್ಟು ಚಂದ!

ಮೌಂಟನ್ ಬೈಕಿಂಗ್ 1996ರಿಂದ ಒಲಿಂಪಿಕ್ಸ್‌ನಲ್ಲಿದೆ. ನಮ್ಮ ಮಕ್ಕಳಿಗೆ ಧೈರ್ಯ ಇದೆ, ಒಳ್ಳೆ ದಾರಿ ಇಲ್ಲ. ನೇರ ಇಳಿಯುವ ಕಾಲುದಾರಿಯನ್ನು ಮಳೆನೀರು ಕೊರೆದು ಕಾಲುವೆ ಮಾಡಿಬಿಡುತ್ತದೆ. ಇಳಿಜಾರಿಗೆ ಅಡ್ಡವಾಗಿ, ಹೊರಬದಿಗೆ ತುಸು ವಾಲಿಸಿ ದಾರಿ ತೆಗೆದರೆ ನೀರು ಪಕ್ಕಕ್ಕೆ ಹೋಗುತ್ತದೆ. ಹಳ್ಳ ದಾಟಲು ಒಂದು ಗಟ್ಟಿ ಸಂಕ, ಅಂದರೆ ಕಿರುಸೇತುವೆ ಬೇಕು. ತೋಟದವರ ಒಪ್ಪಿಗೆ, ಕಾಡಂಚಿನಲ್ಲಿ ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಮಕ್ಕಳು ಉಣಗೋಲು (ಬೇಲಿಯ ದಾರಿಗೆ ಅಡ್ಡ ಇಡುವ, ಸರಿಸಬಹುದಾದ ಕೋಲುಗಳು) ದಾಟಿದ ಮೇಲೆ ಅವನ್ನು ಮತ್ತೆ ಹಾಕಬೇಕು, ಇಲ್ಲಾಂದ್ರೆ ದನ ತೋಟಕ್ಕೆ ನುಗ್ಗುತ್ತವೆ.

ಇದೇ ದಾರಿ ಶಾಲೆಗೂ ಆಗುತ್ತದೆ ಅಲ್ವಾ? ಮುಂದಿನ ಗ್ರಾಮಸಭೆಯಲ್ಲಿ ಕೇಳುತ್ತೇನೆ. ನೀವೂ ಬನ್ನಿ.