ಷಾರ್ಲಟ್ ಹೈವೇ ಷಾರ್ಲಟ್‌ನಲ್ಲಿಲ್ಲ

ಮೊದಲಿಗೇ ಹೇಳಿಬಿಡುತ್ತೇನೆ, ನಾನು ವಕೀಲಳಲ್ಲ. ಅಮೆರಿಕದ ನಾರ್ತ್ ಕೆರೊಲಿನಾದ ಷಾರ್ಲಟ್‌ನಲ್ಲಿ, ಅಪಘಾತದ ಕೇಸುಗಳನ್ನೇ ನೋಡುವ ಒಂದು ಸಣ್ಣ ಆಫೀಸಿನಲ್ಲಿ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕಿ. ಫೋನ್ ಬಂದರೆ ಮೊದಲು ಎತ್ತುವವಳು ನಾನು. ಏನಾಯಿತು, ಯಾವಾಗ, ಯಾವ ಆಸ್ಪತ್ರೆ, ಯಾರ ಇನ್ಶೂರೆನ್ಸ್ ಅಂತ ಕೇಳಿ ಒಂದು ಫಾರಂ ತುಂಬಿಸುತ್ತೇನೆ. ಆ ಫಾರಂ ನೋಡಿಯೇ ನಮ್ಮ ವಕೀಲರು ಕೇಸು ಹಿಡಿಯಬೇಕೋ ಬಿಡಬೇಕೋ ಅಂತ ನಿರ್ಧರಿಸುತ್ತಾರೆ. ಕನ್ನಡದವರು ಫೋನ್ ಮಾಡಿದರೆ ನನ್ನ ಹೆಸರು ಕೇಳಿದ ತಕ್ಷಣ ಕನ್ನಡಕ್ಕೆ ಬರುತ್ತಾರೆ. ನೋವಿನಲ್ಲಿ ಇರುವವರಿಗೆ ಅದು ದೊಡ್ಡ ಸಮಾಧಾನ.

ಷಾರ್ಲಟ್‌ನ ದಕ್ಷಿಣ ತುದಿಯಲ್ಲಿ ಬ್ಯಾಲಂಟೈನ್ ಅಂತ ಬಡಾವಣೆ ಇದೆ. ನಮ್ಮ ಜನ ಜಾಸ್ತಿ. ಅಲ್ಲಿಂದ ಜಾನ್ಸ್‌ಟನ್ ರೋಡ್ ಹಿಡಿದು ಕೆಳಗೆ ಹೋದರೆ ಸ್ವಲ್ಪ ಹೊತ್ತಿಗೇ ಸೌತ್ ಕೆರೊಲಿನಾ ಶುರು. ಗೇಟಿಲ್ಲ, ಚೆಕ್‌ಪೋಸ್ಟಿಲ್ಲ, ಬರೀ ಒಂದು ಬೋರ್ಡು. ಆಚೆ ಸಿಗುವ ಊರಿನ ಹೆಸರು ಇಂಡಿಯನ್ ಲ್ಯಾಂಡ್. ಈ ಇಂಡಿಯನ್ ನಾವಲ್ಲ, ಅಲ್ಲಿನ ಮೂಲನಿವಾಸಿ ಕಟಾಬಾ ಜನ. ಆದರೂ ಈಗ ಅಲ್ಲಿ ನಮ್ಮವರ ಮನೆಗಳು ಬೇಕಾದಷ್ಟಿವೆ. ಈಚೆ ಆಫೀಸು, ಆಚೆ ಮನೆ. ಪೆಟ್ರೋಲ್ ಆಚೆ ಸ್ವಲ್ಪ ಕಡಿಮೆ ಅಂತ ಹಾಕಿಸಲು ಹೋಗುವವರೂ ಇದ್ದಾರೆ. ದಿನಕ್ಕೆ ನಾಲ್ಕು ಸಲ ದಾಟಿದರೂ ರಾಜ್ಯ ಬದಲಾಯಿತು ಅಂತ ಯಾರಿಗೂ ಅನ್ನಿಸುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಬ್ಬರು ಫೋನ್ ಮಾಡಿದರು. ಸಾಫ್ಟ್‌ವೇರ್‌ನವರು, ದಾವಣಗೆರೆ ಕಡೆಯವರು. ಹಸಿರು ದೀಪ ಇತ್ತು, ನೇರ ಹೋಗುತ್ತಿದ್ದೆ, ಎದುರಿನಿಂದ ಬಂದವನು ನನ್ನ ಮುಂದೆಯೇ ಎಡಕ್ಕೆ ತಿರುಗಿಸಿದ ಅಂದರು. ಭುಜ ಮುರಿದು ಆಪರೇಷನ್ ಆಗಿತ್ತು. "ಎಲ್ಲಿ ಆಗಿದ್ದು?" ಅಂದೆ. "ಬ್ಯಾಲಂಟೈನ್ ಹತ್ರಾನೇ ಮೇಡಂ, ಷಾರ್ಲಟ್ ಹೈವೇನಲ್ಲಿ." ನಾನು ಊರು: ಷಾರ್ಲಟ್, ರಾಜ್ಯ: ನಾರ್ತ್ ಕೆರೊಲಿನಾ ಅಂತ ಬರೆದುಕೊಂಡೆ. ಆಮೇಲೆ ಅವರೇ ಹೇಳಿದರು: "ನನ್ನದೂ ಸ್ಪೀಡು ಸ್ವಲ್ಪ ಜಾಸ್ತಿ ಇತ್ತು. ಲಿಮಿಟ್‌ಗಿಂತ ಐದಾರು ಮೈಲಿ. ಪೊಲೀಸರಿಗೂ ಅದನ್ನೇ ಹೇಳಿದೀನಿ."

ನನಗೆ ಅಲ್ಲೇ ಎದೆ ಧಸಕ್ ಎಂದಿತು. ಯಾಕೆ ಅಂದರೆ, ನಾರ್ತ್ ಕೆರೊಲಿನಾದ ಕಾನೂನು ಹೀಗಿದೆ: ಪೆಟ್ಟು ತಿಂದವನದೂ ತಪ್ಪಿತ್ತು, ಆ ತಪ್ಪೂ ಅಪಘಾತಕ್ಕೆ ಒಂದು ಕಾರಣ ಅಂತ ಸಾಬೀತಾದರೆ ಅವನಿಗೆ ಪರಿಹಾರವೇ ಇಲ್ಲ. ಎದುರಿನವನದು ನೂರಕ್ಕೆ ತೊಂಬತ್ತೊಂಬತ್ತು, ನಿಮ್ಮದು ಒಂದು ಅಂದರೂ ಅಷ್ಟೇ. ಒಂದು ಡಾಲರ್ ಕೂಡ ಹುಟ್ಟುವುದಿಲ್ಲ. ಇದು ಶಾಸನಸಭೆ ಮಾಡಿದ ಕಾನೂನಲ್ಲ, ಹಳೇ ಇಂಗ್ಲೆಂಡಿನ ಕೋರ್ಟುಗಳಿಂದ ಬಂದದ್ದು. 1809ರ ಒಂದು ಕೇಸಿನಲ್ಲಿ, ಮನೆ ರಿಪೇರಿ ಮಾಡುತ್ತಿದ್ದವನು ರಸ್ತೆಗೆ ಅಡ್ಡವಾಗಿ ಒಂದು ಗಳ ಹಾಕಿದ್ದ. ಸಂಜೆ ಹೊತ್ತು ಕುದುರೆ ಜೋರಾಗಿ ಓಡಿಸಿಕೊಂಡು ಬಂದವನು ಅದಕ್ಕೆ ತಾಗಿ ಬಿದ್ದ. ಗಳ ಅಡ್ಡ ಹಾಕಿದ್ದು ತಪ್ಪೇ, ಆದರೆ ನೀನು ನೋಡಿಕೊಂಡು ಬಂದಿದ್ದರೆ ಕಾಣುತ್ತಿತ್ತು ಅಂತ ಕೋರ್ಟು ಅವನನ್ನು ಬರಿಗೈಯಲ್ಲಿ ಕಳಿಸಿತು. ಇಂಗ್ಲೆಂಡೇ 1945ರಲ್ಲಿ ಈ ನಿಯಮ ಬಿಟ್ಟಿತು. ಅಮೆರಿಕದ ಹೆಚ್ಚಿನ ರಾಜ್ಯಗಳೂ ಬಿಟ್ಟಿವೆ. ಹಿಡಿದುಕೊಂಡು ಕೂತಿರುವುದು ನಾರ್ತ್ ಕೆರೊಲಿನಾ, ವರ್ಜೀನಿಯಾ, ಮೇರಿಲ್ಯಾಂಡ್, ಅಲಬಾಮಾ. ರಾಜಧಾನಿ ವಾಷಿಂಗ್ಟನ್ ಕೂಡ ಇದೇ ಸಾಲಿನಲ್ಲಿತ್ತು, 2016ರಲ್ಲಿ ನಡೆದು ಹೋಗುವವರಿಗೂ ಸೈಕಲ್‌ನವರಿಗೂ ಸಡಿಲ ಮಾಡಿತು. ಮೇರಿಲ್ಯಾಂಡಿನ ದೊಡ್ಡ ಕೋರ್ಟಿಗೆ 2013ರಲ್ಲಿ ಬದಲಾಯಿಸುವ ಅವಕಾಶ ಬಂದಿತ್ತು. ಬದಲಾಯಿಸಲಿಲ್ಲ. ಇದು ಅನ್ಯಾಯದ ಕಾನೂನು ಅಂತಲೇ ನಾನು ನಂಬಿದ್ದೇನೆ. ದಿನಾ ಅದರ ಜೊತೆ ಕೆಲಸ ಮಾಡಿ ಮಾಡಿ ಆ ನಂಬಿಕೆ ಗಟ್ಟಿಯಾಗಿದೆ.

ಇಷ್ಟು ತಿಳಿದಿದ್ದರಿಂದಲೇ ನಾನು ಎಡವಿದೆ. "ಕಷ್ಟ ಇದೆ ಸರ್, ವಕೀಲರನ್ನು ಕೇಳಿ ಹೇಳುತ್ತೇನೆ" ಅಂದೆ. ಫಾರಂನಲ್ಲಿ ಸ್ಪೀಡಿನ ಮಾತನ್ನು ಕೆಂಪಕ್ಷರದಲ್ಲಿ ಬರೆದೆ. ವಕೀಲರು ಅದನ್ನು ನೋಡಿ, ಬೇಡ ಅಂದರು. ಕೇಸು ಹಿಡಿಯುತ್ತಿಲ್ಲ ಅಂತ ತಿಳಿಸುವ ಪತ್ರವನ್ನು ನಾನೇ ಟೈಪ್ ಮಾಡಿದೆ. ಕಳಿಸುವ ಮುಂಚೆ, ಅವರು ಫೋನಿನಲ್ಲಿ ಕಳಿಸಿದ್ದ ಫೋಟೋಗಳನ್ನು ಫೈಲಿಗೆ ಸೇರಿಸೋಣ ಅಂತ ಒಂದೊಂದೇ ತೆರೆದೆ. ನಜ್ಜುಗುಜ್ಜಾದ ಬಾನೆಟ್. ಆಸ್ಪತ್ರೆಯ ಕೈಪಟ್ಟಿ. ಮೂರನೆಯದು ಪೊಲೀಸರು ಕೊಟ್ಟ ಕಾಗದ, ಮಡಚಿ ಜೇಬಿನಲ್ಲಿಟ್ಟು ಸುಕ್ಕಾಗಿತ್ತು. ಮೇಲೆ ಎಫ್‌ಆರ್-10 ಅಂತಿತ್ತು.

ನಾರ್ತ್ ಕೆರೊಲಿನಾದ ಅಪಘಾತ ವರದಿಯ ಹೆಸರು ಡಿಎಂವಿ-349. ಎಫ್‌ಆರ್-10 ಸೌತ್ ಕೆರೊಲಿನಾದ ಕಾಗದ. ಅಪಘಾತವಾದ ಕಡೆ ಪೊಲೀಸರು ಗಾಡಿಯವರ ಕೈಗೆ ಕೊಡುವ ಇನ್ಶೂರೆನ್ಸ್ ಫಾರಂ ಅದು. ಮ್ಯಾಪ್ ತೆಗೆದು ನೋಡಿದೆ. ಜಾನ್ಸ್‌ಟನ್ ರೋಡ್ ಗಡಿ ದಾಟಿದ ಮೇಲೆ ಹೆಸರು ಬದಲಿಸುತ್ತದೆ. ಇಂಡಿಯನ್ ಲ್ಯಾಂಡಿನವರಿಗೆ ಅದು ಷಾರ್ಲಟ್‌ಗೆ ಹೋಗುವ ದಾರಿ, ಹಾಗಾಗಿ ಅದನ್ನೇ ಷಾರ್ಲಟ್ ಹೈವೇ ಅನ್ನುತ್ತಾರೆ. ನಮ್ಮಲ್ಲಿ ಮೈಸೂರು ರಸ್ತೆ ಬೆಂಗಳೂರಿನಲ್ಲಿ ಇದ್ದ ಹಾಗೆ. ಬೆಂಗಳೂರಿನಲ್ಲಿ ಓದಿದವಳು ನಾನು, ನನಗೆ ಇದು ಹೊಳೆಯಬೇಕಿತ್ತು.

ಸೌತ್ ಕೆರೊಲಿನಾದ ಸುಪ್ರೀಂ ಕೋರ್ಟ್ 1991ರಲ್ಲೇ ಹಳೇ ನಿಯಮ ಕೈಬಿಟ್ಟಿದೆ. ಅಲ್ಲಿ ತಪ್ಪನ್ನು ಪಾಲು ಹಾಕುತ್ತಾರೆ. ನಿಮ್ಮ ತಪ್ಪು ಅರ್ಧ ದಾಟಬಾರದು, ಅಷ್ಟೇ. ನಷ್ಟ 50,000 ಡಾಲರ್, ನಿಮ್ಮ ತಪ್ಪು ನೂರಕ್ಕೆ 20 ಅಂದುಕೊಳ್ಳಿ. ಬೋರ್ಡಿನ ಆಚೆ 40,000 ಸಿಗುತ್ತದೆ. ಈಚೆ ಸೊನ್ನೆ. ಇಬ್ಬರದೂ ಸಮ ಸಮ ಅಂದರೂ ಆಚೆ ಅರ್ಧ ಬರುತ್ತದೆ. ನೀವಿರುವ ಮನೆ ಎಲ್ಲಿದೆ, ಗಾಡಿಯ ನಂಬರ್ ಪ್ಲೇಟ್ ಯಾವ ರಾಜ್ಯದ್ದು ಅನ್ನುವುದರ ಮೇಲೆ ಇದು ನಿಂತಿಲ್ಲ. ಪೆಟ್ಟು ಬಿದ್ದ ಜಾಗದ ಕಾನೂನೇ ನಡೆಯುವುದು, ಎರಡೂ ರಾಜ್ಯಗಳ ಕೋರ್ಟುಗಳು ಹಾಗೇ ನೋಡುತ್ತವೆ.

ಟೈಪ್ ಮಾಡಿದ ಪತ್ರ ಹಿಡಿದುಕೊಂಡು ವಕೀಲರ ಕೋಣೆಗೆ ಹೋದೆ. ಕೈ ನಡುಗುತ್ತಿತ್ತು. ಅವರಿಗೆ ಎರಡೂ ರಾಜ್ಯಗಳ ಲೈಸೆನ್ಸ್ ಇದೆ. ಫೋಟೋ ನೋಡಿ, ಪತ್ರ ಹರಿದು, "ಅವರಿಗೆ ಈಗಲೇ ಫೋನ್ ಮಾಡು" ಅಂದರು. ಆ ಕೇಸು ಕೋರ್ಟಿಗೆ ಹೋಗದೆ ಇತ್ಯರ್ಥವಾಯಿತು. ಸ್ಪೀಡಿಗೆ ಅಂತ ಒಂದಿಷ್ಟು ಮುರಿದುಕೊಂಡು ಉಳಿದದ್ದು ಕೊಟ್ಟರು. ಆ ಪತ್ರ ಹೋಗಿಬಿಟ್ಟಿದ್ದರೆ? ಇಂಥ ಕೇಸು ಹಾಕಲು ಎರಡೂ ರಾಜ್ಯಗಳಲ್ಲಿ ಸಾಮಾನ್ಯವಾಗಿ 3 ವರ್ಷ ಗಡುವಿದೆ, ನಿಜ. ಆದರೆ ಒಬ್ಬ ವಕೀಲರು ಆಗಲ್ಲ ಅಂದ ಮೇಲೆ ಎಷ್ಟು ಜನ ಇನ್ನೊಬ್ಬರ ಬಾಗಿಲು ತಟ್ಟುತ್ತಾರೆ? ಆಪರೇಷನ್ ಆದ ಭುಜ ಹಿಡಿದುಕೊಂಡು ಸುಮ್ನೆ ಮನೆಯಲ್ಲಿ ಕೂರುತ್ತಿದ್ದರು.

ಇನ್ನೊಂದು ಕೇಸು ಹೀಗೆ ಮುಗಿಯಲಿಲ್ಲ. ಮಗನ ಮನೆಗೆ ಬಂದಿದ್ದ ಮೈಸೂರಿನ ಅಂಕಲ್. ಸಂಜೆ ವಾಕಿಂಗ್ ಹೊರಟಾಗ, ಅಪಾರ್ಟ್‌ಮೆಂಟಿನ ಗೇಟಿನಿಂದ ಹೊರಗೆ ಬಂದ ಕಾರು ಹೊಡೆಯಿತು. ಸೊಂಟದ ಮೂಳೆ ಮುರಿಯಿತು. ಅದು ಗಡಿಯ ಈಚೆ, ಸಂಶಯವೇ ಇಲ್ಲ. ಮರುದಿನ ಆಸ್ಪತ್ರೆಯ ಹಾಸಿಗೆಗೇ ಕಾರಿನವನ ಇನ್ಶೂರೆನ್ಸ್ ಕಂಪನಿಯಿಂದ ಫೋನ್ ಬಂತು. ಮಗ ಕಾಫಿ ತರಲು ಕೆಳಗೆ ಹೋಗಿದ್ದ. ಮಾತು ರೆಕಾರ್ಡ್ ಮಾಡಿಕೊಳ್ಳಬಹುದಾ ಅಂತ ಕೇಳಿದರು. ಇವರು ಧಾರಾಳವಾಗಿ ಆಗಲಿ ಅಂದರು. ತುಂಬಾ ನಯವಾಗಿ ಮಾತಾಡಿಸಿದ್ದಾರೆ. ಹೇಗಿದ್ದೀರಿ, ಊಟ ಆಯಿತಾ ಅಂತೆಲ್ಲ. ಕೊನೆಗೆ, ನೀವು ಅವಸರದಲ್ಲಿದ್ದಿರಾ ಅಂತ ಕೇಳಿದ್ದಾರೆ. ಅಂಕಲ್ ಇಂಗ್ಲಿಷಿನಲ್ಲೇ, ಎರಡು ಕೈ ಸೇರಿದರೆ ತಾನೇ ಚಪ್ಪಾಳೆ, ನಾನೂ ಸ್ವಲ್ಪ ಅವಸರದಲ್ಲಿದ್ದೆ, ಪಾಪ ಆ ಹುಡುಗನೊಬ್ಬನನ್ನೇ ಯಾಕೆ ಬೈಯಬೇಕು ಅಂದಿದ್ದಾರೆ. ಎರಡು ವಾರಕ್ಕೆ ಕ್ಲೇಮ್ ಇಲ್ಲ ಅಂತ ಕಾಗದ ಬಂತು. ಅದರಲ್ಲಿ ಆ ಎರಡು ಕೈಗಳ ಮಾತು ಇದ್ದ ಹಾಗೇ ಇತ್ತು.

ನಮ್ಮಲ್ಲಿ ಇದು ದೊಡ್ಡ ಮನಸ್ಸಿನ ಮಾತು. ಜಗಳ ತಣ್ಣಗಾಗಲಿ ಅಂತ ಹಿರಿಯರು ಆಡುವ ಮಾತು. ಊರಿನಲ್ಲಿ ಇದರಿಂದ ಇಷ್ಟು ದೊಡ್ಡ ಹೊಡೆತ ಬೀಳುವುದಿಲ್ಲ. ನಮ್ಮ ಮೋಟಾರು ಅಪಘಾತದ ಕೋರ್ಟುಗಳಲ್ಲಿ ಪೆಟ್ಟು ತಿಂದವನದೂ ತಪ್ಪಿದ್ದರೆ ಇಷ್ಟು ಪರ್ಸೆಂಟ್ ಅಂತ ಕಡಿಮೆ ಮಾಡಿ ಮಿಕ್ಕಿದ್ದು ಕೊಡುತ್ತಾರೆ. ಅದೇ ಲೆಕ್ಕ ಎಲ್ಲ ಕಡೆ ಇರುತ್ತದೆ ಅಂತ ನಮ್ಮವರು ನಂಬಿರುತ್ತಾರೆ. ನಂಬುವುದು ಸಹಜ ಅಲ್ವಾ?

ನಮ್ಮ ವಕೀಲರು ಬಿಡಲಿಲ್ಲ. ಅವಸರ ಇದ್ದ ಮಾತ್ರಕ್ಕೆ ಅಜಾಗರೂಕತೆ ಆಗುವುದಿಲ್ಲ, ಅಜಾಗರೂಕತೆ ಇತ್ತು ಅಂತ ತೋರಿಸುವ ಹೊರೆ ಕಾರಿನವರ ಮೇಲೇ ಇದೆ ಅಂತ ವಾದಿಸಿದರು. ಅದು ಈ ರಾಜ್ಯದಲ್ಲಿ ಬರೆದಿಟ್ಟ ಕಾನೂನೇ. ಇನ್ನೂ ಕೆಲವು ಕಿಂಡಿಗಳಿವೆ. ಏಳು ವರ್ಷ ತುಂಬದ ಮಗುವಿನ ಮೇಲೆ ಇಂಥ ತಪ್ಪು ಹೊರಿಸುವಂತೆಯೇ ಇಲ್ಲ. ಎದುರಿನವನು ಕುಡಿದು ಓಡಿಸಿದಂಥ ತೀರಾ ಬೇಜವಾಬ್ದಾರಿ ಇದ್ದರೆ ನಮ್ಮ ಸಣ್ಣ ತಪ್ಪು ಅಡ್ಡ ಬರುವುದಿಲ್ಲ. ಗಾಡಿ ಓಡಿಸುತ್ತಿದ್ದ ಗಂಡನಿಗೆ ಸಿಗದಿದ್ದರೂ ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ ಸಾಮಾನ್ಯವಾಗಿ ಸಿಗುತ್ತದೆ.

ನನಗೆ ಇಷ್ಟವಾದ ಕಿಂಡಿ ಒಂದು ಕತ್ತೆಯದು. 1842ರ ಇಂಗ್ಲೆಂಡಿನಲ್ಲಿ ಒಬ್ಬ ತನ್ನ ಕತ್ತೆಯ ಮುಂಗಾಲು ಕಟ್ಟಿ ರಸ್ತೆಯಲ್ಲಿ ಮೇಯಲು ಬಿಟ್ಟಿದ್ದ. ಇಳಿಜಾರಿನಲ್ಲಿ ಜೋರಾಗಿ ಬಂದ ಬಂಡಿ ಅದರ ಮೇಲೇ ಹರಿಯಿತು. ಕತ್ತೆ ಬಿಟ್ಟಿದ್ದು ತಪ್ಪಾದರೂ ಬಂಡಿಯವನಿಗೆ ತಪ್ಪಿಸುವ ಅವಕಾಶವಿತ್ತು, ಅವನೇ ಕೊಡಬೇಕು ಅಂತ ತೀರ್ಪಾಯಿತು. ಕೊನೇ ಗಳಿಗೆಯಲ್ಲಿ ತಪ್ಪಿಸಬಹುದಾಗಿದ್ದವನೇ ಹೊಣೆ ಅನ್ನುವ ಆ ಮಾತು ನಾರ್ತ್ ಕೆರೊಲಿನಾದಲ್ಲಿ ಇವತ್ತಿಗೂ ನಡೆಯುತ್ತದೆ. ಅಂಕಲ್ ಕೇಸಿನಲ್ಲೂ ನಮ್ಮವರು ಅದನ್ನು ಎತ್ತಿದರು. ಎಂಟು ತಿಂಗಳ ಎಳೆದಾಟದ ಮೇಲೆ ಕಂಪನಿ ಒಂದಿಷ್ಟು ಕೊಟ್ಟಿತು. ಆಸ್ಪತ್ರೆಯ ಬಿಲ್ಲಿಗೂ ಅದು ಸಾಲಲಿಲ್ಲ. ಅಷ್ಟು ಹೊತ್ತಿಗೆ ಅಂಕಲ್ ಊರಿಗೆ ಹೋಗಿಯಾಗಿತ್ತು. ಸಹಿಯ ಕಾಗದ ಮೈಸೂರಿನಿಂದ ಬಂತು.

ಈಗ ನಮ್ಮ ಫಾರಂನಲ್ಲಿ ಹೆಸರು ಬರೆಯುವ ಮುಂಚೆಯೇ ಜಾಗದ ಸಾಲು ಇದೆ. ಊರು ಯಾವುದು ಅಂತ ಕೇಳುವುದಿಲ್ಲ. ಬಂದ ಪೊಲೀಸ್ ಗಾಡಿಯ ಮೇಲೆ ಯಾವ ಕೌಂಟಿಯ, ಅಂದರೆ ಜಿಲ್ಲೆಯ, ಹೆಸರಿತ್ತು, ಹತ್ತಿರದ ಪೆಟ್ರೋಲ್ ಬಂಕ್ ಯಾವುದು, ಪೊಲೀಸರು ಕೊಟ್ಟ ಕಾಗದದ ತಲೆಯಲ್ಲಿ ಏನಿದೆ ಅಂತ ಕೇಳುತ್ತೇನೆ. ಮ್ಯಾಪ್ ತೆರೆದು, ಅವರ ಜೊತೆಯಲ್ಲೇ ಬೆರಳಿಟ್ಟು ನೋಡುತ್ತೇನೆ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರಿಗೆ ಒಂದು ಮಾತು. ಸುಳ್ಳು ಹೇಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಪೊಲೀಸರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಬೇಕು. ನಿಮ್ಮದೇ ಇನ್ಶೂರೆನ್ಸ್ ಕಂಪನಿಗೂ ಹೇಳಬೇಕು, ಪಾಲಿಸಿಯಲ್ಲಿ ಆ ಕರಾರು ಇರುತ್ತದೆ. ಆದರೆ ಎದುರಿನವರ ಕಂಪನಿಗೆ ರೆಕಾರ್ಡಿಂಗ್ ಕೊಡಲೇಬೇಕು ಅಂತೇನಿಲ್ಲ. ವಕೀಲರನ್ನು ಕೇಳಿ ಮಾತಾಡುತ್ತೇನೆ ಅಂದರೆ ಸಾಕು. ಕಂಡದ್ದು ಹೇಳಿ, ಯಾರ ತಪ್ಪು ಎಷ್ಟು ಅಂತ ನೀವೇ ತೀರ್ಪು ಕೊಡಬೇಡಿ. ಇದನ್ನು ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲೇ ಹಿರಿಯರಿಗೆ ಹೇಳಿಬಿಡಿ.

ಹೋದ ಯುಗಾದಿಗೆ ಅಂಕಲ್ ಫೋನ್ ಮಾಡಿದ್ದರು. ಕೋಲು ಹಿಡಿದು ಪಾರ್ಕಿನವರೆಗೆ ಹೋಗಿ ಬರುತ್ತಾರಂತೆ. ಹಬ್ಬದ ಮಾತೆಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ವಿಷಯ ಹೇಳ್ಬೇಕಮ್ಮ" ಅಂದರು. "ಅವತ್ತು ನಾನು ಅವಸರದಲ್ಲೇನೂ ಇರಲಿಲ್ಲ. ನನಗೇನಮ್ಮ ಅವಸರ, ರಿಟೈರ್ಡ್ ಆದವನಿಗೆ? ಆ ಹುಡುಗನಿಗೆ ತೊಂದರೆ ಆಗದಿರಲಿ ಅಂತ ಸುಮ್ನೆ ಮಾತಿಗೆ ಅಂದೆ."