ಬಿಲ್ಲೆ ಹೊಡೆಯೋಕೆ ಯಾವ ಕೋವಿ?

ನಾನಿಲ್ಲಿ ಇಂಗ್ಲೆಂಡಿನಲ್ಲಿ ಕೋವಿ ಕೊಳ್ಳಲು ಹೊರಟಿದ್ದೇನೆ ಎಂದಾಗ ತೀರ್ಥಹಳ್ಳಿಯ ಭಾವ ಕೇಳಿದ್ದು ಒಂದೇ ಮಾತು: “ಮಂಗನೂ ಇಲ್ಲ, ಹಂದಿಯೂ ಇಲ್ಲ. ನಿಂಗೆ ಕೋವಿ ಯಾಕೋ ಮಾರಾಯ?”

ನ್ಯಾಯವಾದ ಪ್ರಶ್ನೆ. ನಮ್ಮ ಕಡೆ ಕೋವಿ ಇರುವುದು ಅಡಿಕೆ ತೋಟ, ಗದ್ದೆ ಕಾಯಲು. ಚುನಾವಣೆ ಬಂತೆಂದರೆ ಅದನ್ನು ಹೊತ್ತುಕೊಂಡು ಹೋಗಿ ಠಾಣೆಯಲ್ಲಿ ಇಟ್ಟು ಬರಬೇಕು. ಇಲ್ಲಿ ಜನ ಭಾನುವಾರ ಬೆಳಿಗ್ಗೆ ಸುಮ್ನೆ ಖುಷಿಗೆ ಬಿಲ್ಲೆ ಹೊಡೆಯಲು ಹೋಗುತ್ತಾರೆ. ಸುಣ್ಣಕಲ್ಲಿನ ಪುಡಿಗೆ ಡಾಂಬರಿನಂಥ ಅಂಟು ಸೇರಿಸಿ ಮಾಡಿದ, ಸುಮಾರು 11 ಸೆಂಟಿಮೀಟರ್ ಅಗಲದ ಬಿಲ್ಲೆ. ಯಂತ್ರ ಎಸೆಯುತ್ತದೆ, ನಾವು ಗಾಳಿಯಲ್ಲೇ ಒಡೆಯಬೇಕು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದದ್ದು ಇದೇ ಜಾತಿಯ ಆಟದಲ್ಲಿ.

ಅಂಗಡಿಗೆ ಹೋದರೆ ಬೆರೆಟ್ಟಾ, ಬ್ರೌನಿಂಗ್, ಮಿರೋಕು ಅಂತ ಹೆಸರುಗಳ ಸಾಲು. ಮೂರೂ ಒಳ್ಳೆಯವೇ. ಅಲ್ಲಿ ತಲೆ ಕೆಡಿಸಿಕೊಳ್ಳುವುದು ದಂಡ. ಮೊದಲು ನೋಡಬೇಕಾದ್ದು ಅಳತೆ.

ಊರಲ್ಲಿ ಅಜ್ಜನ ಜೋಡುನಳಿಗೆ ಕೋವಿ ಅಪ್ಪಯ್ಯನಿಗೆ ಬಂತು, ಅಪ್ಪಯ್ಯನಿಂದ ಅಣ್ಣನಿಗೆ. ಹೆಗಲಿಗೆ ಸರಿಯಾಗಿ ಕೂರುತ್ತದಾ ಅಂತ ಯಾರೂ ಕೇಳಲಿಲ್ಲ. ಕೋವಿಗೆ ತಕ್ಕ ಹಾಗೆ ಕುತ್ತಿಗೆ ಬಗ್ಗಿಸಿದರು, ಅಷ್ಟೇ. ನಿಂತ ಹಂದಿಗೆ ಅದು ನಡೆಯುತ್ತೆ, ಹಾರುವ ಬಿಲ್ಲೆಗೆ ನಡೆಯಲ್ಲ. ಈ ಕೋವಿಗಳಲ್ಲಿ ರೈಫಲ್‌ಗೆ ಇರುವಂತೆ ಹಿಂಬದಿಯ ಗುರಿ ಇರುವುದಿಲ್ಲ. ಕೆನ್ನೆ ಮರಕ್ಕೆ, ಅಂದರೆ ಹೆಗಲಿಗೆ ಆನಿಸುವ ಕೋವಿಯ ಹಿಂಬದಿಯ ಮರದ ಭಾಗಕ್ಕೆ, ತಾಗಿದಾಗ ನಮ್ಮ ಕಣ್ಣೇ ಆ ಕೆಲಸ ಮಾಡಬೇಕು. ಕೆನ್ನೆ ಇಡುವ ಜಾಗ ಸ್ವಲ್ಪ ಎತ್ತರವಾದರೆ ಚರೆ ಬಿಲ್ಲೆಯ ಮೇಲಿಂದ ಹೋಗುತ್ತದೆ, ತಗ್ಗಾದರೆ ಕೆಳಗಿಂದ. ಮರದ ಉದ್ದ ಸಾಮಾನ್ಯವಾಗಿ 14.5 ಇಂಚಿನ ಆಸುಪಾಸು. ನನ್ನಂಥ ಕುಳ್ಳರಿಗೆ ಅದು ಜಾಸ್ತಿ, ಎತ್ತುವಾಗ ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ದರ್ಜಿ ಅಂಗಿಗೆ ಅಳತೆ ತೆಗೆದ ಹಾಗೆ ಅಳೆದು, ಮರ ಕತ್ತರಿಸಿ ಕೊಡುವವರು ಇಲ್ಲಿದ್ದಾರೆ.

ಕಣ್ಣಿನದೂ ಒಂದು ಲೆಕ್ಕವಿದೆ. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ತೋರಿಸಿ. ಈಗ ಎಡಗಣ್ಣು ಮುಚ್ಚಿ. ಬೆರಳು ಕಂಬದ ಮೇಲೇ ಇದ್ದರೆ ನಿಮ್ಮ ಬಲಗಣ್ಣು ಜೋರು. ಬಲಗೈಯವರಿಗೆ ಎಡಗಣ್ಣು ಜೋರಾಗಿದ್ದರೆ ಕೋವಿ ಕೊಳ್ಳುವ ಮೊದಲೇ ಕಲಿಸುವವರ ಹತ್ತಿರ ಹೇಳಿ.

ಉಳಿದದ್ದು ಸುಲಭ. 12 ಬೋರ್ (ನಳಿಗೆಯ ಒಳ ಅಗಲದ ಅಳತೆ), ನಳಿಗೆಗಳು ಒಂದರ ಮೇಲೊಂದು ಇರುವ ಮಡಚುವ ಕೋವಿ, ನಳಿಗೆ 30 ಇಂಚು ಉದ್ದ. ಒಂಟಿ ನಳಿಗೆ ಬೇಡ, ಬಿಲ್ಲೆಗಳು ಎಷ್ಟೋ ಸಲ ಜೋಡಿಯಾಗಿ ಬರುತ್ತವೆ. ಒಂದು ಹೊಡೆದ ಮೇಲೆ ಮುಂದಿನ ತೋಟಾವನ್ನು ತಾನೇ ಏರಿಸಿಕೊಳ್ಳುವ ಸೆಮಿ ಆಟೋಮ್ಯಾಟಿಕ್ ಹೆಗಲಿಗೆ ಕಡಿಮೆ ಒದೆಯುತ್ತದೆ, ನಿಜ. ಆದರೆ ಖಾಲಿ ತೋಟಾವನ್ನು ಪಕ್ಕದವರ ಮೇಲೆ ಉಗಿಯುತ್ತದೆ. ಮಡಚುವ ಕೋವಿಯಾದರೆ ತೆರೆದು ಹಿಡಿದಾಗ ಖಾಲಿ ಇದೆ ಅಂತ ದೂರದಿಂದಲೇ ಎಲ್ಲರಿಗೂ ಕಾಣುತ್ತದೆ. ಹಗುರ ಕೋವಿ ಹುಡುಕುವವರೂ ಇದ್ದಾರೆ. ಅದೇ ತೋಟಾಕ್ಕೆ ಹಗುರ ಕೋವಿಯೇ ಜಾಸ್ತಿ ಒದೆಯೋದು!

ಲೈಸೆನ್ಸ್ ಬೇಕೇ ಬೇಕು. ಊರಲ್ಲಾದರೆ ಕೊಡವರಿಗೆ ವಿನಾಯಿತಿ ಇದೆ, ಇಲ್ಲಿ ಅಂಥದ್ದೇನೂ ಇಲ್ಲ. ಪೊಲೀಸರು ಮನೆಗೆ ಬರುತ್ತಾರೆ, ಡಾಕ್ಟರ ಹತ್ತಿರ ಆರೋಗ್ಯದ ವಿವರ ಕೇಳುತ್ತಾರೆ, ಬೀಗದ ಕಪಾಟು ನೋಡುತ್ತಾರೆ. ಸಿಕ್ಕರೆ 5 ವರ್ಷಕ್ಕೆ. ಅಲ್ಲಿಯವರೆಗೆ ಪೊಲೀಸರ ಒಪ್ಪಿಗೆ ಇರುವ ಮೈದಾನದಲ್ಲಿ ಅವರದೇ ಕೋವಿ ಹಿಡಿದು ಹೊಡೆಯಬಹುದು. ಅದಕ್ಕೆ ಲೈಸೆನ್ಸ್ ಬೇಡ. ಕಾಯುವ ದಿನಗಳಲ್ಲಿ ನಾಲ್ಕಾರು ಬಗೆಯ ಕೋವಿ ಹೆಗಲಿಗಿಟ್ಟು ನೋಡಿ.

ಮೊದಲ ಕೋವಿಗೆ ಹೊಸದು ಬೇಡ, ಸೆಕೆಂಡ್ ಹ್ಯಾಂಡ್ ಸಾಕು. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ತಗ್ಗು, ತುಕ್ಕು ಇದೆಯಾ ನೋಡಿ. ಮುಚ್ಚಿ ಅಲ್ಲಾಡಿಸಿದಾಗ ಲಟಲಟ ಅನ್ನಬಾರದು. ಮುಂಚಿನವರು ಮರ ಕತ್ತರಿಸಿ ಗಿಡ್ಡ ಮಾಡಿದ್ದರೆ ಉದ್ದದವರು ಅದನ್ನು ಮುಟ್ಟುವುದಿಲ್ಲ. ಅಂಥದ್ದಕ್ಕೆ ಧೈರ್ಯವಾಗಿ ಚೌಕಾಸಿ ಮಾಡಿ, ನಮ್ಮಂಥ ಕುಳ್ಳರಿಗೆ ಲಾಭ.